ಸಿಕ್ಕ ಒಡವೆಯನ್ನು ಮಾರುವ ಮುನ್ನ ಬೆಲೆ ಕಟ್ಟಿಸುವುದು ಹೇಗೆ?

ಅಜ್ಜಿಯ ಟ್ರಂಕನ್ನು ಖಾಲಿ ಮಾಡುವಾಗ, ಹಳೆಯ ಮನೆಯ ಗೋಡೆ ಕೆಡವುವಾಗ, ಹೊಲ ಉಳುವಾಗ ಅಥವಾ ಬಸ್ ನಿಲ್ದಾಣದ ಬೆಂಚಿನ ಕೆಳಗೆ ಸಿಕ್ಕ ಒಡವೆಯನ್ನು ಹಿಡಿದು ದಾವಣಗೆರೆಯ ಮಂಡಿಪೇಟೆಗೆ ಹೊರಡುವ ಮೊದಲು, ಅದನ್ನು ಮಾರುವ ಹಕ್ಕು ತಮಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮನೆತನದ ಒಡವೆಯಾದರೆ ಪಾಲುದಾರರ ಲಿಖಿತ ಒಪ್ಪಿಗೆ ಪಡೆಯುವುದು ಒಳ್ಳೆಯದು. ದಾರಿಯಲ್ಲಿ ಸಿಕ್ಕಿದ್ದಾದರೆ ಅದನ್ನು ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಿ ಸ್ವೀಕೃತಿ ಪಡೆಯಬೇಕು. ವಾರಸುದಾರರನ್ನು ಪತ್ತೆ ಮಾಡುವ ಪ್ರಯತ್ನವನ್ನೇ ಮಾಡದೆ ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನ ಪ್ರಕಾರ ಕನಿಷ್ಠ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ಇದೆ.

ನೆಲದಡಿ ಸಿಕ್ಕಿದ್ದರ ವಿಚಾರ ಬೇರೆ. ನಿಧಿ ನಿಕ್ಷೇಪಕ್ಕೆ ಕರ್ನಾಟಕದಲ್ಲಿ 1962ರ ಪ್ರತ್ಯೇಕ ಕಾಯ್ದೆಯೇ ಇದೆ. 1878ರ ಕೇಂದ್ರ ಕಾಯ್ದೆಯು ನೆಲದಲ್ಲಿ ಹುದುಗಿಸಿಟ್ಟಿದ್ದನ್ನಷ್ಟೇ ಅಲ್ಲ, ನೆಲಕ್ಕೆ ಅಂಟಿಕೊಂಡಿರುವ ಗೋಡೆಯಂತಹವುಗಳಲ್ಲಿ ಅಡಗಿಸಿಟ್ಟಿದ್ದನ್ನೂ ನಿಧಿ ಎಂದೇ ಎಣಿಸಿದೆ. ಆದ್ದರಿಂದ ಹಗೇವಿನಲ್ಲೋ ಪಾಯದಲ್ಲೋ ಗಡಿಗೆ ಸಿಕ್ಕರೆ ತಹಶೀಲ್ದಾರರ ಮೂಲಕವಾಗಲಿ ನೇರವಾಗಿಯಾಗಲಿ ಜಿಲ್ಲಾಧಿಕಾರಿಗಳಿಗೆ ಬರಹದಲ್ಲಿ ತಿಳಿಸುವುದೇ ಮೊದಲ ಕೆಲಸ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ದೊರೆತಿವೆ. ಇಂತಹ ಸೀಮೆಯಲ್ಲಿ ಹಳೆಯ ನಾಣ್ಯವನ್ನು ಬರಿಯ ಲೋಹವೆಂದು ಕರಗಿಸಿದರೆ ಆಗುವ ನಷ್ಟವನ್ನು ಗ್ರಾಮಿನ ಲೆಕ್ಕದಲ್ಲಿ ಹೇಳಲಾಗದು. ಪ್ರಾಚ್ಯವಸ್ತುಗಳ ಮಾರಾಟಕ್ಕೆ 1972ರ ಕಾಯ್ದೆಯ ನಿರ್ಬಂಧಗಳೂ ಇವೆ.

ಒಡವೆ ತಮ್ಮದೇ ಎಂದು ಖಚಿತವಾದ ಮೇಲೆ ಅದನ್ನು ಹುಣಸೆಹುಳಿ ಹಾಕಿ ತಿಕ್ಕಬಾರದು, ಪಾಲಿಶ್ ಮಾಡಿಸಬಾರದು. ಎರಡೂ ಬದಿಯ ಚಿತ್ರ ತೆಗೆದು, ತೂಕ ನೋಡಿ ಬರೆದಿಟ್ಟುಕೊಳ್ಳಬೇಕು. ಬಳಿಕ ಭೂತಗನ್ನಡಿಯಲ್ಲಿ ಕೊಂಡಿಯ ಬಳಿ, ಉಂಗುರದ ಒಳಮೈಯಲ್ಲಿ ಗುರುತು ಹುಡುಕಬೇಕು. 2021ರ ಜುಲೈ ನಂತರದ ಹಾಲ್‌ಮಾರ್ಕ್‌ನಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಚಿಹ್ನೆ, 22ಕೆ916ರಂತಹ (22 ಕ್ಯಾರಟ್, ಸಾವಿರಕ್ಕೆ 916 ಪಾಲು ಚಿನ್ನ) ಶುದ್ಧತೆಯ ಗುರುತು ಹಾಗೂ ಎಚ್‌ಯುಐಡಿ ಎಂಬ, ಪ್ರತಿ ಒಡವೆಗೂ ಬೇರೆಯಾದ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇರುತ್ತವೆ. ಈ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಒಡವೆಯ ವಿವರ ತಿಳಿಯುತ್ತದೆ. ಅಜ್ಜಿಯ ಕಾಲದ ಒಡವೆಯಲ್ಲಿ ಇದಾವುದೂ ಇರುವುದಿಲ್ಲ, ಇಲ್ಲವೆಂಬ ಕಾರಣಕ್ಕೆ ಅದು ಖೋಟಾ ಆಗುವುದೂ ಇಲ್ಲ.

ಶುದ್ಧತೆ ತಿಳಿಯಲು ಪತ್ತಾರರ ಒರೆಗಲ್ಲು, ಅಂಗಡಿಯ ಕ್ಯಾರಟ್ ಮೀಟರ್, ಹಾಲ್‌ಮಾರ್ಕಿಂಗ್ ಕೇಂದ್ರದ ಪರೀಕ್ಷೆ ಎಂಬ ಮೂರು ದಾರಿಗಳಿವೆ. ಪಳಗಿದ ಕೈಯಲ್ಲಿ ಒರೆಗಲ್ಲು ಇಂದಿಗೂ ನಂಬಿಕೆಗೆ ಅರ್ಹವೇ ಆಗಿದೆ, ಆದರೆ ಅದು ನೀಡುವುದು ಅಂದಾಜು ಮಾತ್ರ. ಕ್ಯಾರಟ್ ಮೀಟರ್ ಎಕ್ಸ್-ಕಿರಣ ಹಾಯಿಸಿ ಕ್ಷಣಮಾತ್ರದಲ್ಲಿ ಶೇಕಡಾವಾರು ತೋರಿಸುತ್ತದೆಯಾದರೂ ಅದು ಕಾಣುವುದು ಮೇಲ್ಪದರವನ್ನಷ್ಟೇ. ದಪ್ಪನೆಯ ಚಿನ್ನದ ಲೇಪವಿದ್ದರೆ ಒಳಗಿನ ತಾಮ್ರ ಅದರ ಕಣ್ಣಿಗೆ ಬೀಳದು. ಬಿಐಎಸ್ ಮಾನ್ಯತೆ ಪಡೆದ ಕೇಂದ್ರಗಳು ಸಾರ್ವಜನಿಕರ ಒಡವೆಗಳನ್ನೂ ಪರೀಕ್ಷಿಸಿ ವರದಿ ಕೊಡುತ್ತವೆ. 2022ರ ಮಾರ್ಚ್‌ನಲ್ಲಿ ಪ್ರಕಟವಾದ ದರದಂತೆ ನಾಲ್ಕು ಒಡವೆಗಳವರೆಗೆ 200 ರೂಪಾಯಿ, ಐದು ಅಥವಾ ಹೆಚ್ಚಾದರೆ ತಲಾ 45 ರೂಪಾಯಿ ಶುಲ್ಕವಿತ್ತು. ಒಡವೆ ಕೊಳ್ಳುವ ಆಸೆಯಿಲ್ಲದವರಿಂದ ಬಂದ ಕಾಗದವಾದ್ದರಿಂದ ಮೂರರಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಇದಕ್ಕೇ. ಹತ್ತಿರದ ಕೇಂದ್ರಗಳ ಪಟ್ಟಿ ಬಿಐಎಸ್ ಜಾಲತಾಣದಲ್ಲಿದೆ.

ನಮ್ಮ ಕಡೆಯ ಹಳೆಯ ಒಡವೆಗಳಲ್ಲಿ ತಕರಾರು ಏಳುವುದು ಶುದ್ಧತೆಗಿಂತ ಹೆಚ್ಚಾಗಿ ನಿವ್ವಳ ತೂಕದಲ್ಲಿ. ಬೋರಮಾಳದ ಗುಂಡುಗಳ ಒಳಗೆ ಅರಗು ತುಂಬಿರುತ್ತದೆ, ಕಲ್ಲು ಕೂರಿಸಿದ ಒಡವೆಯಲ್ಲಿ ಕಲ್ಲಿನ ತೂಕವನ್ನು ಕಳೆಯಬೇಕಾಗುತ್ತದೆ, ಬೆಸುಗೆಯಿದ್ದಲ್ಲಿ ಕರಗಿಸಿದಾಗ ಶುದ್ಧತೆ ತುಸು ಇಳಿಯುತ್ತದೆ. ಉದಾಹರಣೆಗೆ, ಬೋರಮಾಳವೊಂದರ ಒಟ್ಟು ತೂಕ 32 ಗ್ರಾಂ, ದಾರ ಮತ್ತು ಅರಗು 5 ಗ್ರಾಂ, ಪರೀಕ್ಷೆಯಲ್ಲಿ ಬಂದ ಶುದ್ಧತೆ ಸಾವಿರಕ್ಕೆ 840 ಎಂದಿಟ್ಟುಕೊಳ್ಳೋಣ. ನಿವ್ವಳ 27 ಗ್ರಾಮನ್ನು 0.840ರಿಂದ ಗುಣಿಸಿದರೆ 22.68 ಗ್ರಾಂ ಅಪರಂಜಿ ಸಿಗುತ್ತದೆ, ಅದನ್ನು ಅಂದಿನ 24 ಕ್ಯಾರಟ್ ದರದಿಂದ ಗುಣಿಸಿದ ಮೊತ್ತವೇ ಲೋಹದ ಬೆಲೆ. ಇದನ್ನು 22 ಕ್ಯಾರಟ್ ದರಕ್ಕೆ ಗುಣಿಸಿದರೆ ಶುದ್ಧತೆಯನ್ನು ಎರಡು ಬಾರಿ ಕಳೆದಂತಾಗುತ್ತದೆ. ಕೊಂಡಾಗ ಕೊಟ್ಟ ಮಜೂರಿ, ವೇಸ್ಟೇಜ್ ಯಾವುದೂ ಮರಳಿ ಬಾರದು. ಅರಗಿನ ತೂಕ ಇಷ್ಟೇ ಎಂದು ಅಂಗಡಿಯವರು ಕಣ್ಣಳತೆಯಲ್ಲಿ ಹೇಳಿದರೆ ಒಪ್ಪಬೇಕಾಗಿಲ್ಲ. ತಮ್ಮ ಎದುರಿಗೇ ಅರಗು ತೆಗೆಸಿ ಮತ್ತೆ ತೂಗಿಸಬಹುದು. ಹಾಗೆ ಮಾಡಿದರೆ ಒಡವೆ ಕೆಡುವುದರಿಂದ ಮಾರುವುದು ನಿಶ್ಚಯವಾದ ಮೇಲಷ್ಟೇ ಅದಕ್ಕೆ ಒಪ್ಪಬೇಕು.

ಬೆಳ್ಳಿಯ ಲಿಂಗದ ಕರಡಿಗೆ, ಉಡಿದಾರ, ಕಡಗಗಳಿಗೂ ಇದೇ ಲೆಕ್ಕ. ಸರಕ್ಕೆ ಪೋಣಿಸಿದ ಹಳೆಯ ರೂಪಾಯಿಗಳನ್ನು ಮಾತ್ರ ಬೇರೆಯಾಗಿ ನೋಡಬೇಕು. ವಿಕ್ಟೋರಿಯಾ ರಾಣಿಯ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗುತ್ತದೆ, ಅದರಲ್ಲಿ ಶೇಕಡ 91.7ರಷ್ಟು ಬೆಳ್ಳಿಯಿದೆ, 1940ರ ದಶಕದ ಆರಂಭದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿದಿತ್ತು. ಕೆಲವು ವರ್ಷಗಳ ನಾಣ್ಯಗಳಿಗೆ ಸಂಗ್ರಹಕಾರರು ಲೋಹದ ಬೆಲೆಗಿಂತ ಹೆಚ್ಚು ಕೊಡುವುದರಿಂದ ಇಸವಿ ನೋಡದೆ ತಕ್ಕಡಿಗೆ ಹಾಕಬಾರದು.

ಪಾಯ ತೆಗೆಯುವಾಗ ಚಿನ್ನದ ನಾಣ್ಯ ಸಿಕ್ಕಿದೆಯೆಂದು ಮೊದಲು ಒಂದೆರಡು ಅಸಲಿ ನಾಣ್ಯ ತೋರಿಸಿ, ಆಮೇಲೆ ಹಿತ್ತಾಳೆಯದನ್ನು ಕೊಟ್ಟು ವಂಚಿಸುವ ಪ್ರಕರಣಗಳು ಮಧ್ಯ ಕರ್ನಾಟಕದಲ್ಲಿ ಮತ್ತೆ ಮತ್ತೆ ವರದಿಯಾಗುತ್ತಿರುವುದರಿಂದ, "ಸಿಕ್ಕಿದ್ದು" ಎಂಬ ಮಾತು ಕೇಳಿದೊಡನೆ ವರ್ತಕರು ಹಿಂಜರಿಯುವುದು ಸಹಜ. ಗುರುತಿನ ಚೀಟಿ, ಪಾನ್ ಕಾರ್ಡ್, ಪಾಲುದಾರರ ಒಪ್ಪಿಗೆ ಪತ್ರ, ಪರೀಕ್ಷಾ ವರದಿ ಜೊತೆಗಿದ್ದರೆ ಮಾತು ಸುಲಭವಾಗುತ್ತದೆ. ಕನಿಷ್ಠ ಮೂರು ಅಂಗಡಿಗಳಲ್ಲಿ ಒಂದೇ ದಿನ ವಿಚಾರಿಸಬೇಕು, ಏಕೆಂದರೆ ಮರುದಿನದ ದರ ಬೇರೆಯಾದರೆ ಹೋಲಿಕೆಗೆ ಅರ್ಥವಿರದು. ಒಬ್ಬರು ಹೇಳಿದ ಬೆಲೆಯನ್ನು ಇನ್ನೊಬ್ಬರ ಮುಂದೆ ಬಾಯಿಬಿಡದೆ, ನಿವ್ವಳ ತೂಕ, ಶುದ್ಧತೆ, ದರ, ಕಡಿತ ನಾಲ್ಕನ್ನೂ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಒಟ್ಟು ಮೊತ್ತವನ್ನು ಮಾತ್ರ ಹೇಳುವ ಅಂಗಡಿಯಿಂದ ಎದ್ದು ಬರುವುದೇ ಸರಿ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬಿದ್ದಿದೆಯೇ ಎಂದು ನೋಡಬಹುದು. ಒಂದೇ ವ್ಯವಹಾರಕ್ಕೆ ಎರಡು ಲಕ್ಷ ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿಲ್ಲ; ಸಣ್ಣ ಮೊತ್ತವನ್ನೂ ಬ್ಯಾಂಕ್ ಖಾತೆಗೇ ಹಾಕಿಸಿಕೊಂಡು, ಖರೀದಿ ಚೀಟಿಯನ್ನು ಮೊದಲು ತೆಗೆದ ಚಿತ್ರಗಳ ಜೊತೆಗೆ ತೆಗೆದಿರಿಸಿಕೊಳ್ಳಬೇಕು.