ಹನ್ನೆರಡು ಬಾಟಲಿ ಶಾಬ್ಲಿ

ಹಾಸನದ ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಂದು ಭರಣಿ ಇತ್ತು. ಅದರಲ್ಲಿ ನಿಂಬೆಕಾಯಿ ಉಪ್ಪಿನಕಾಯಿ. ಹಾಕಿ ಆರೇಳು ವರ್ಷ ಆಗಿರುತ್ತಿತ್ತು. ಬಣ್ಣ ಕಪ್ಪಗೆ, ಸಿಪ್ಪೆ ಬಾಯಲ್ಲಿಟ್ಟರೆ ಕರಗುವಷ್ಟು ಮೆತ್ತಗೆ. ಜ್ವರ ಬಂದು ಬಾಯಿ ಕೆಟ್ಟವರಿಗೆ ಮಾತ್ರ ಗಂಜಿಯ ಜೊತೆ ಒಂದು ಹೋಳು. ಮಿಕ್ಕವರು ಕೇಳಿದರೆ ಅಮ್ಮ, "ಹೊಸದು ತಿನ್ನಿ, ಅದಕ್ಕೆ ಕೈ ಹಾಕಬೇಡಿ" ಅಂತ ಗದರುತ್ತಿದ್ದಳು. ಶಾಬ್ಲಿ ಅನ್ನೋ ಫ್ರಾನ್ಸಿನ ಬಿಳಿ ವೈನನ್ನು ವರ್ಷಗಟ್ಟಲೆ ಇಟ್ಟು ಕುಡಿದ ಕತೆ ಬರೆಯೋಕೆ ಕೂತರೆ ನನಗೆ ಮೊದಲು ನೆನಪಾಗುವುದು ಆ ಭರಣಿ.

ಪ್ಯಾರಿಸ್‌ಗೆ ನಾನು ಬಂದಿದ್ದು ಸಾಫ್ಟ್‌ವೇರ್ ಕೆಲಸಕ್ಕೆ. ಕೆಂಪು ವೈನ್ ಇಟ್ಟಷ್ಟೂ ಚೆನ್ನ, ಬಿಳಿದು ತಂದ ವಾರವೇ ಮುಗಿಸಬೇಕು ಅಂತ ಆಫೀಸಿನಲ್ಲಿ ಯಾರೋ ಹೇಳಿದ್ದರು. ನಂಬಿದ್ದೆ. 2016ರ ಅಕ್ಟೋಬರ್‌ನಲ್ಲಿ ಒಂದು ಶನಿವಾರ ಸುಮ್ನೆ ಸುತ್ತಾಡೋಕೆ ಅಂತ ಬೆರ್ಸಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಒಸೇರ್‌ನಲ್ಲಿ ಇಳಿದೆ. ಊರ ಹೆಸರಿನ ಕಾಗುಣಿತದಲ್ಲಿ ಎಕ್ಸ್ ಇದೆ, ಬಾಯಲ್ಲಿ ಇಲ್ಲ. ನಾನು "ಓಕ್ಸೇರ್" ಅಂದಿದ್ದಕ್ಕೆ ಟಿಕೆಟ್ ಕೌಂಟರಿನವರು ನಕ್ಕು ತಿದ್ದಿದ್ದರು. ಅಲ್ಲಿಂದ ಶಾಬ್ಲಿಗೆ ಸುಮಾರು 20 ಕಿಲೋಮೀಟರ್.

ಶಾಬ್ಲಿ ಬರ್ಗಂಡಿ ಸೀಮೆಯ ಉತ್ತರದ ತುದಿಯಲ್ಲಿದೆ. ಚಿಕ್ಕ ಊರು, ಮಧ್ಯೆ ಸೆರೆನ್ ಅನ್ನೋ ಸಣ್ಣ ಹೊಳೆ. ವೈನ್ ಎಲ್ಲಾ ಶಾರ್ಡನೆ ದ್ರಾಕ್ಷಿಯದೇ, ಬೇರೆ ಜಾತಿ ಬೆರೆಸುವ ಹಾಗಿಲ್ಲ. ದರ್ಜೆ ನಾಲ್ಕು, ಕೆಳಗಿನಿಂದ ಮೇಲಕ್ಕೆ. ಪೆಟಿ ಶಾಬ್ಲಿ, ಬರೀ ಶಾಬ್ಲಿ, ಪ್ರೆಮಿಯೆ ಕ್ರೂ, ಗ್ರಾಂ ಕ್ರೂ. ಗ್ರಾಂ ಕ್ರೂ ಅಂತ ಹೆಸರಾದ ಏಳು ತುಂಡು ಜಮೀನೂ ಊರಿನ ಎದುರಿನ ಒಂದೇ ಇಳಿಜಾರಿನಲ್ಲಿ ಅಕ್ಕಪಕ್ಕ ಇವೆ. ಎಲ್ಲಾ ಸೇರಿ 100 ಹೆಕ್ಟೇರ್ ಆಸುಪಾಸು. ನಮ್ಮ ಕಡೆ ದೊಡ್ಡ ಕಾಫಿ ತೋಟವೇ ಅಷ್ಟಿರುತ್ತೆ. ಅದರ ಪಕ್ಕದ ದಿಬ್ಬ ಮೋಂತೆ ದ ತೋನೇರ್. ಅದು ಪ್ರೆಮಿಯೆ ಕ್ರೂ.

ಆ ದಿಬ್ಬದಲ್ಲಿ ಜಮೀನಿದ್ದ ಒಂದು ಸಣ್ಣ ಮನೆತನದ ಬಾಗಿಲು ತಟ್ಟಿದೆ. ಅರವತ್ತರ ಆಸುಪಾಸಿನ ಮದಾಮ್ ಒಬ್ಬರು, ಕಾಲಲ್ಲಿ ರಬ್ಬರ್ ಬೂಟು. ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಗ್ಲಾಸಿನ ತಳಕ್ಕೆ ಎರಡು ಬೆರಳು ಸುರಿದರು. ನಾನು ಗಟಗಟ ಕುಡಿದೆ. ಅವರು ಗಾಬರಿಯಾಗಿ ಪಕ್ಕದ ಬಕೆಟ್ ತೋರಿಸಿದರು. ರುಚಿ ನೋಡಿ ಉಗಿಯಬೇಕಂತೆ. ಎಲೆ ಅಡಿಕೆ ಜಗಿದು ಉಗಿಯೋದು ನೋಡಿ ಬೆಳೆದ ನನಗೆ ಅದೇನು ಕಷ್ಟವಾಗಲಿಲ್ಲ. ಕಷ್ಟ ಆಗಿದ್ದು ಸದ್ದು. ವೈನ್ ಬಾಯಲ್ಲಿಟ್ಟುಕೊಂಡು ತುಟಿ ಸಂದಿಯಿಂದ ಗಾಳಿ ಎಳೆದುಕೊಳ್ಳಬೇಕು, ಬಿಸಿ ಸಾರನ್ನು ಸೊರ್ ಅಂತ ಹೀರೋ ಹಾಗೆ. ಹಾಗೆ ಹೀರಿದ್ದಕ್ಕೆ ನಾನು ಚಿಕ್ಕಂದಿನಲ್ಲಿ ಏಟು ತಿಂದಿದ್ದೇನೆ. ಆದರೆ ಮಾಡಿ ನೋಡಿ, ಬಾಯಲ್ಲಿರೋ ವಾಸನೆ ಹಿಂದಿನಿಂದ ಮೂಗಿಗೆ ಏರುತ್ತದೆ. ನಾಲಿಗೆಗೆ ಗೊತ್ತಾಗೋದು ಹುಳಿ, ಸಿಹಿ, ಕಹಿ, ಉಪ್ಪು ಹೀಗೆ ಕೆಲವೇ ತಾನೇ. ಮಿಕ್ಕ ಕೆಲಸವೆಲ್ಲಾ ಮೂಗಿನದು.

ಮದಾಮ್ ಕಿಟಕಿ ಮೇಲಿಟ್ಟಿದ್ದ ಒಂದು ಹೆಂಟೆ ಕೈಗೆ ಕೊಟ್ಟರು. ಬೂದಿ ಬಣ್ಣದ ಸುಣ್ಣಮಣ್ಣು, ಅದರ ತುಂಬಾ ಉಗುರಿಗಿಂತ ಚಿಕ್ಕ ಸಿಂಪಿ ಚಿಪ್ಪುಗಳು. ಸುಮಾರು 15 ಕೋಟಿ ವರ್ಷದ ಹಿಂದೆ ಆ ಜಾಗ ಸಮುದ್ರವಾಗಿತ್ತು. ಕಿಮ್ಮೆರಿಜಿಯನ್ ಮಣ್ಣು ಅಂತಾರೆ. ವೈನಿನಲ್ಲಿ ಬರೋ ಉಪ್ಪುಪ್ಪು ರುಚಿ ಈ ಚಿಪ್ಪಿನದೇ ಅಂತ ಮಾರೋರು ಹೇಳ್ತಾರೆ. ನಾನು ಅದನ್ನು ನಂಬೋದಿಲ್ಲ. ಬಳ್ಳಿಯೇನು ಸ್ಟ್ರಾ ಹಾಕಿಕೊಂಡು ಚಿಪ್ಪು ಹೀರೋದಿಲ್ಲ ಅಲ್ವಾ. ಇಳಿಜಾರು, ನೀರು ಬಸಿಯೋ ರೀತಿ, ಚಳಿ, ಇವೆಲ್ಲಾ ಸೇರಿ ಏನೋ ಆಗುತ್ತದೆ. ಹೆಂಟೆಯನ್ನು ಮಾತ್ರ ಅವರು ಕೊಟ್ಟೇ ಕಳಿಸಿದರು, ನನ್ನ ಮೇಜಿನ ಮೇಲಿದೆ.

ನಾನು ಕುಡಿದಿದ್ದು 2014ರ ಬೆಳೆ. ಆ ವರ್ಷ ಆಗಸ್ಟ್ ತಣ್ಣಗಿತ್ತು, ಸೆಪ್ಟೆಂಬರ್‌ನಲ್ಲಿ ಬಿಸಿಲು ಬಂತು. ಹಣ್ಣು ಮಾಗಿತು, ಹುಳಿಯೂ ಉಳಿಯಿತು. "ಇದು ಇಡೋ ವೈನು ಮೆಸ್ಯೂ, ವರ್ಷಕ್ಕೊಂದು ತೆಗೆಯಿರಿ" ಅಂದರು. ಎರಡು ಡಜನ್ ಕೇಳಿದೆ. ಆಗೋದಿಲ್ಲ ಅಂತ ತಲೆಯಾಡಿಸಿದರು. 2016ರ ಏಪ್ರಿಲ್ ಕೊನೆಯಲ್ಲಿ ಹಿಮ ಬಿದ್ದು ಚಿಗುರೆಲ್ಲಾ ಸುಟ್ಟಿತ್ತು, ಮೇ ತಿಂಗಳಲ್ಲಿ ಆಲಿಕಲ್ಲು ಬೇರೆ. ಆ ವರ್ಷ ಪೀಪಾಯಿಗೆ ಇಳಿಸೋಕೆ ಹಣ್ಣೇ ಇಲ್ಲದ್ದರಿಂದ ಹಳೆಯ ಸರಕನ್ನು ಎಳೆದೆಳೆದು ಮಾರುತ್ತಿದ್ದರು. ಒಬ್ಬರಿಗೆ ಹನ್ನೆರಡೇ ಬಾಟಲಿ. ಒಂದಕ್ಕೆ 24 ಯೂರೋ.

ಪ್ಯಾರಿಸ್‌ನ ಹಳೇ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮನೆಗೊಂದರಂತೆ ನೆಲದಡಿಯಲ್ಲಿ ಒಂದು ಕೋಣೆ ಇರುತ್ತದೆ, ಕಾವ್ ಅಂತಾರೆ. ನನ್ನದರಲ್ಲಿ ಮುರುಕು ಸೈಕಲ್ ಇತ್ತು. ಅದನ್ನು ಎಸೆದು, 9 ಯೂರೋ ಕೊಟ್ಟು ಥರ್ಮಾಮೀಟರ್ ತಂದು ನೇತುಹಾಕಿದೆ. ಚಳಿಗಾಲದಲ್ಲಿ 11 ಡಿಗ್ರಿ, ಬೇಸಿಗೆಯಲ್ಲಿ 16. ವೈನಿಗೆ 10ರಿಂದ 13 ಡಿಗ್ರಿ ಒಳ್ಳೆಯದು, ಆದರೆ ನಿಧಾನಕ್ಕೆ ಏರಿಳಿಯೋ ಬಿಸಿ ಅಷ್ಟು ಕೆಡಿಸೋದಿಲ್ಲ. ದಿನಾ ಏರಿ ಇಳಿದರೆ ಕೆಡುತ್ತದೆ. ಕತ್ತಲೆ ಬೇಕು, ಸ್ವಲ್ಪ ತೇವ ಬೇಕು, ಬಾಟಲಿ ಮಲಗಿರಬೇಕು. ಹನ್ನೊಂದು ಕೆಳಗೆ ಹೋದವು. ಒಂದನ್ನು, "ಯಾರಾದರೂ ಬಂದರೆ ಇರಲಿ" ಅಂತ ಅಡುಗೆಮನೆಯಲ್ಲಿ ಫ್ರಿಜ್ಜಿನ ಮೇಲಿನ ಕಪಾಟಿನಲ್ಲಿಟ್ಟು ಮರೆತೆ.

ಕೆಳಗಿನ ಹನ್ನೊಂದರಲ್ಲಿ ಮೊದಲನೆಯದನ್ನು ಆ ವಾರವೇ ತೆಗೆದೆ. ನಿಂಬೆ, ಹಸಿರು ಸೇಬು. ಹಲ್ಲು ಚುಳ್ ಅನ್ನೋಷ್ಟು ಹುಳಿ. 2017ರ ಡಿಸೆಂಬರ್‌ನಲ್ಲಿ ಎರಡನೆಯದು. ಏನೂ ಇಲ್ಲ! ವಾಸನೆ ಇಲ್ಲ, ಹಣ್ಣಿಲ್ಲ, ಹುಳಿ ನೀರು. ಮೋಸ ಹೋದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಒಳ್ಳೆ ಬಿಳಿ ವೈನ್ ಎಷ್ಟೋ ಸಲ ನಡುವೆ ಹೀಗೆ ಬಾಯಿ ಮುಚ್ಚಿಕೊಳ್ಳುತ್ತದೆ. ಹೊಸದರ ಹಣ್ಣಿನ ವಾಸನೆ ಹೋಗಿರುತ್ತದೆ, ಹಳೆಯದರ ವಾಸನೆ ಇನ್ನೂ ಬಂದಿರೋದಿಲ್ಲ. ಹದಿನಾಲ್ಕು ವರ್ಷದ ಹುಡುಗರ ಹಾಗೆ. ಇನ್ನೊಂದು ತಪ್ಪು ನನ್ನದೂ ಇತ್ತು. ಫ್ರಿಜ್ಜಿನಿಂದ ತೆಗೆದು ನೇರ ಸುರಿದಿದ್ದೆ. 4 ಡಿಗ್ರಿಯಲ್ಲಿ ಯಾವ ವೈನೂ ಮಾತಾಡೋದಿಲ್ಲ. ಈಗ ಅರ್ಧ ಗಂಟೆ ಹೊರಗಿಟ್ಟು, 12 ಡಿಗ್ರಿ ಹತ್ತಿರ ಬಂದ ಮೇಲೆ ಸುರಿಯುತ್ತೇನೆ. 2018ರಲ್ಲಿ ತೆಗೆದ ಮೂರನೆಯದು ಪರವಾಗಿಲ್ಲ ಅನ್ನಿಸಿತು, ಅಷ್ಟೇ.

2019ರ ಜುಲೈನಲ್ಲಿ ಅಮ್ಮ ಬಂದಿದ್ದಳು. 25ನೇ ತಾರೀಕು ಪ್ಯಾರಿಸ್‌ನಲ್ಲಿ 42.6 ಡಿಗ್ರಿ. ಆ ಊರಿನ ದಾಖಲೆ ಅದು. ನಮ್ಮ ಮನೆಯಲ್ಲಿ ಏಸಿ ಇಲ್ಲ, ಫ್ಯಾನೂ ಇಲ್ಲ. ಮಧ್ಯಾಹ್ನ ಅಮ್ಮನನ್ನು ಕಾವ್‌ಗೆ ಕರೆದುಕೊಂಡು ಹೋಗಿ ಒಂದು ಸ್ಟೂಲ್ ಹಾಕಿ ಕೂರಿಸಿದೆ. ಥರ್ಮಾಮೀಟರ್ 17 ತೋರಿಸುತ್ತಿತ್ತು.

"ಇವೆಲ್ಲಾ ಯಾಕೋ ಮಲಗಿವೆ?" ಅಂದಳು.

"ಬಿರಡೆ ಒಣಗಬಾರದು ಅಂತ. ಒಣಗಿದರೆ ಗಾಳಿ ಒಳಗೆ ಹೋಗುತ್ತೆ."

"ಅಷ್ಟೇನಾ. ಭರಣಿಗೆ ನಾವು ಬಟ್ಟೆ ಕಟ್ಟಲ್ವಾ, ಹಂಗೆ."

ಅವತ್ತು ರಾತ್ರಿ ನಾಲ್ಕನೆಯದನ್ನು ತೆಗೆದೆ. ಗ್ಲಾಸ್ ಅಲ್ಲಾಡಿಸಿ ಮೂಸಿದೆ. ಶಾಬ್ಲಿಯಲ್ಲಿ ಒದ್ದೆ ಕಲ್ಲಿನ ವಾಸನೆ ಬರುತ್ತೆ ಅಂತ ಎಲ್ಲರೂ ಬರೆಯುತ್ತಾರೆ, ಕೊನೆಗೂ ಬಂತು ಅಂತ ಖುಷಿಯಾಯಿತು. ಅಮ್ಮ ವೈನ್ ಮುಟ್ಟುವವಳಲ್ಲ. ಆದರೆ ಯಾವುದೇ ಪಾತ್ರೆ ಎದುರಿಗಿದ್ದರೂ ಮೂಸಿ ನೋಡದೆ ಬಿಡೋಳಲ್ಲ. ಗ್ಲಾಸ್ ತಗೊಂಡು ಮೂಗಿನ ಹತ್ತಿರ ಹಿಡಿದು ಮುಖ ಕಿವುಚಿದಳು.

"ಒದ್ದೆ ಗೋಣಿಚೀಲ ಕಣೋ ಇದು. ಮಳೇಲಿ ನೆನೆದು, ಒಣಗದೆ ಮೂಲೇಲಿ ಬಿದ್ದಿರೋದು."

ಮತ್ತೆ ಮೂಸಿದೆ. ಅವಳು ಹೇಳಿದ ಮೇಲೆ ಗೋಣಿಚೀಲ ಬಿಟ್ಟು ಬೇರೇನೂ ಬರಲಿಲ್ಲ. ಅದು ಕಾರ್ಕಿನ ದೋಷ. ಟಿಸಿಎ ಅನ್ನೋ ಒಂದು ವಸ್ತು ಬಿರಡೆಯಿಂದ ವೈನಿಗೆ ಇಳಿದಿರುತ್ತದೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಕುಡಿದರೆ ಅಪಾಯವೇನಿಲ್ಲ, ರುಚಿ ಮಾತ್ರ ಸತ್ತಿರುತ್ತದೆ. ಮೂರು ವರ್ಷ ವೈನ್ ಪುಸ್ತಕ ಓದಿದ ನನಗೆ ತಿಳಿಯದ್ದನ್ನು ಅಮ್ಮನ ಮೂಗು ಎರಡು ಸೆಕೆಂಡಿನಲ್ಲಿ ಹೇಳಿತು. ಸಿಂಕಿಗೆ ಸುರಿದು ಕೆಳಗಿಳಿದು ಐದನೆಯದನ್ನು ತಂದೆ.

ಈ ಸಲ ಅವಳು ಸ್ವಲ್ಪ ಹೊತ್ತು ಹಿಡಿದುಕೊಂಡಳು. "ಹೇರಳೆಕಾಯಿ ಸಿಪ್ಪೆ. ಚಿತ್ರಾನ್ನಕ್ಕೆ ಹಿಂಡುವಾಗ ಕೈಗೆ ಅಂಟುತ್ತಲ್ಲ, ಅದು. ಅದರ ಹಿಂದೆ ಏನೋ ಇದೆ… ಬೆಣ್ಣೆ ಕಾಯಿಸೋಕೆ ಇಟ್ಟ ಹಂಗೆ, ತುಪ್ಪ ಆಗೋಕೆ ಮುಂಚೆ."

ಅಲ್ಲಿವರೆಗೆ ನನ್ನ ನೋಟ್‌ಬುಕ್ ತುಂಬಾ ಗೂಸ್‌ಬೆರಿ, ಅಕೇಶಿಯಾ ಹೂವು ಅಂತ ಬರೆದಿತ್ತು. ಗೂಸ್‌ಬೆರಿಯನ್ನು ನಾನು ತಿಂದಿದ್ದೇ ಇಲ್ಲ. ಪುಸ್ತಕದಲ್ಲಿ ಇದ್ದದ್ದನ್ನು ಬರೆಯುತ್ತಿದ್ದೆ. ಅವತ್ತಿನಿಂದ ನೆಲ್ಲಿಕಾಯಿ, ಹೇರಳೆ, ಹುರಿಗಡಲೆ, ಸುಣ್ಣ ಬಳಿದ ಗೋಡೆ ಅಂತ ಬರೆಯೋಕೆ ಶುರು ಮಾಡಿದೆ. ಒಂದು ವರ್ಷದ ಬಾಟಲಿಗೂ ಇನ್ನೊಂದಕ್ಕೂ ಏನು ವ್ಯತ್ಯಾಸ ಅಂತ ನನಗೆ ನಿಜವಾಗಿ ಹಿಡಿತ ಸಿಕ್ಕಿದ್ದು ಆಮೇಲೆ.

ಸೆಪ್ಟೆಂಬರ್‌ನಲ್ಲಿ ಮಸಾಲೆ ಡಬ್ಬಿ ಹುಡುಕುವಾಗ ಕಪಾಟಿನ ಬಾಟಲಿ ಸಿಕ್ಕಿತು. ಬಿರಡೆ ಒಂದಿಷ್ಟು ಮೇಲೆ ಎದ್ದಿತ್ತು, ಕತ್ತಿನ ಸುತ್ತ ಅಂಟಂಟು. ಗ್ಲಾಸಿಗೆ ಸುರಿದರೆ ಹಳೇ ಹಿತ್ತಾಳೆ ಬಣ್ಣ. ಬೇಯಿಸಿದ ಸೇಬಿನ ವಾಸನೆ, ಹುಳಿ ಬಿಟ್ಟರೆ ಖಾಲಿ. ಅದೇ ದಿಬ್ಬ, ಅದೇ ವರ್ಷ, ಅದೇ ಪೆಟ್ಟಿಗೆ. ಮಧ್ಯೆ ಮೂರು ಬೇಸಿಗೆ, ನಾಲ್ಕು ಮಹಡಿ. ಆರನೆಯದು ಹೀಗೆ ಹೋಯಿತು.

ಏಳನೆಯದು 2020ರ ಲಾಕ್‌ಡೌನ್‌ನಲ್ಲಿ. ಬಿರಡೆ ಎಳೆದರೆ ಅದರ ತುದಿಯಲ್ಲಿ ಮಿಣಮಿಣ ಹರಳು. ಗಾಜಿನ ಚೂರು ಅಂತ ಗಾಬರಿಯಾಗಿ ವೈನನ್ನು ಸೋಸಿದೆ. ನಾಲಿಗೆಗೆ ತಾಗಿಸಿದರೆ ಹುಳಿ. ಟಾರ್ಟಾರಿಕ್ ಆಮ್ಲದ ಉಪ್ಪು ಅದು, ತಂಪಿಗೆ ಹರಳುಗಟ್ಟುತ್ತದೆ. ದೋಷವೇ ಅಲ್ಲ. ನಮ್ಮ ಹುಣಸೆಹಣ್ಣಿನ ಹುಳಿಯಲ್ಲೂ ಮುಖ್ಯವಾಗಿ ಇರೋದು ಅದೇ ಟಾರ್ಟಾರಿಕ್ ಆಮ್ಲ. ಹಳೇ ಹುಣಸೆಯೂ ಕಪ್ಪಗಾಗುತ್ತೆ, ಆದರೆ ಅದರ ಹುಳಿ ಎಲ್ಲಿಗೂ ಹೋಗೋದಿಲ್ಲ. ವೈನಿನಲ್ಲೂ ಹಾಗೇ. ಹುಳಿ ಕಮ್ಮಿಯಾಯಿತು ಅನ್ನಿಸುತ್ತದೆ, ಅಳೆದರೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅದರ ಸುತ್ತ ಜೇನು, ಬೆಣ್ಣೆ, ಹುರಿದ ಬೀಜದ ವಾಸನೆಗಳು ಬಂದು ಕೂರುತ್ತವೆ, ಹಾಗಾಗಿ ಚುಚ್ಚೋದಿಲ್ಲ. ಕಾವಲು ಕಾಯೋದೂ ಆ ಹುಳಿಯೇ. ಹುಳಿ ಕಮ್ಮಿ ಇರೋ ಬಿಳಿ ವೈನನ್ನು ಇಡೋದು, ಉಪ್ಪು ಹಾಕದೆ ಉಪ್ಪಿನಕಾಯಿ ಹಾಕಿದ ಹಾಗೆ. ಸೂಪರ್‌ಮಾರ್ಕೆಟ್ಟಿನ ಅಗ್ಗದ ಆರು ಬಾಟಲಿಯನ್ನು ನಾಲ್ಕು ವರ್ಷ ಇಟ್ಟು ಈ ಪಾಠ ಬೇರೆ ಕಲಿತೆ. ಪೆಟಿ ಶಾಬ್ಲಿ, ಬರೀ ಶಾಬ್ಲಿಯನ್ನು ಎರಡು ಮೂರು ವರ್ಷದಲ್ಲಿ ಕುಡಿದುಬಿಡಿ. ಪ್ರೆಮಿಯೆ ಕ್ರೂ ಆದರೆ ಐದರಿಂದ ಹತ್ತು. ಗ್ರಾಂ ಕ್ರೂ ಅದಕ್ಕೂ ಜಾಸ್ತಿ ತಡೆಯುತ್ತದೆ.

ಎಂಟನೆಯದು, 2021ರ ನವೆಂಬರ್. ಮಳೆ ಸಂಜೆ. ಒಂದು ಗಂಟೆ ಮೊದಲೇ ಬೇರೆ ಪಾತ್ರೆಗೆ ಸುರಿದಿಟ್ಟಿದ್ದೆ, ಹಳೇ ಬಿಳಿ ವೈನಿಗೂ ಗಾಳಿ ಬೇಕು. ಬಣ್ಣ ಒಣಹುಲ್ಲಿನದು. ಮೊದಲ ಗುಟುಕಿನಲ್ಲಿ ಹೇರಳೆ ಸಿಪ್ಪೆ. ಆಮೇಲೆ ಸಿಹಿಯೇ ಇಲ್ಲದ ಜೇನು. ನುಂಗಿದ ಮೇಲೆ ಹುರಿಗಡಲೆ, ಕೊನೆಗೆ ಆ ಉಪ್ಪು. ಅದು ಹೋಗಲೇ ಇಲ್ಲ, ನಿಮಿಷ ಕಳೆದರೂ ಬಾಯಲ್ಲಿತ್ತು. ಜೊತೆಗೆ ಕೋಂತೆ ಚೀಸ್ ಇತ್ತು. ನಮ್ಮ ಖಾರದ ಊಟಕ್ಕೆ ಈ ವೈನ್ ಆಗಿಬರೋದಿಲ್ಲ, ಹುಳಿಯೂ ಖಾರವೂ ಸೇರಿ ಬಾಯಿ ಉರಿಯುತ್ತದೆ. ಕಾಯಿ ಹಾಕಿದ ಹುರುಳಿಕಾಯಿ ಪಲ್ಯಕ್ಕೆ ಮಾತ್ರ ಚೆನ್ನಾಗಿ ಹೊಂದುತ್ತದೆ.

2022ರಲ್ಲಿ ತೆಗೆದ ಒಂಬತ್ತನೆಯದು ಸತ್ತಿತ್ತು. ಅದೇ ಕಾವ್, ಅದೇ ಸಾಲು, ಆದರೂ ಕಡು ಹಳದಿ, ಜಜ್ಜಿದ ಸೇಬಿನ ವಾಸನೆ. ಬರ್ಗಂಡಿಯ ಬಿಳಿ ವೈನಿಗೆ ಅಂಟಿಕೊಂಡ ಕಾಯಿಲೆ ಇದು, ವಯಸ್ಸಿಗೆ ಮುಂಚೆ ಮುಪ್ಪು. 1990ರ ದಶಕದ ಮಧ್ಯದ ಬೆಳೆಗಳಿಂದ ಜನ ಗಮನಿಸುತ್ತಾ ಬಂದಿದ್ದಾರೆ. ಕಾರ್ಕು ಅಂತ ಕೆಲವರು, ವೈನ್ ಕೆಡದಿರಲಿ ಅಂತ ಹಾಕೋ ಗಂಧಕ ಕಮ್ಮಿಯಾಗಿದ್ದು ಅಂತ ಕೆಲವರು, ದ್ರಾಕ್ಷಿ ಹಿಂಡೋ ರೀತಿ ಅಂತ ಇನ್ನು ಕೆಲವರು ವಾದ ಮಾಡುತ್ತಾರೆ. ನನಗಂತೂ ಸಿಟ್ಟು ಬಂತು. ಗೋಣಿಚೀಲದ್ದೂ ಸೇರಿಸಿ ಮದಾಮ್‌ಗೆ ಹೇಳಿದೆ. ಅವರು ವಾದ ಮಾಡದೆ 2017ರ ಎರಡು ಬಾಟಲಿ ಕಳಿಸಿದರು. ಅವುಗಳ ಬಿರಡೆ ಡಿಯಾಮ್. ಕಾರ್ಕನ್ನು ಪುಡಿ ಮಾಡಿ, ಇಂಗಾಲದ ಡೈಆಕ್ಸೈಡ್‌ನಿಂದ ಟಿಸಿಎ ತೊಳೆದು, ಮತ್ತೆ ಅಂಟಿಸಿ ಮಾಡೋದು. ನೋಡೋಕೆ ಅಂದ ಇಲ್ಲ, ಪಾರ್ಟಿಕಲ್ ಬೋರ್ಡ್ ತುಂಡಿನ ಹಾಗಿರುತ್ತದೆ. ನಾನೀಗ ಇಡೋಕೆ ಅಂತ ಕೊಳ್ಳುವಾಗ ಕೇಳಿ ಅದನ್ನೇ ಕೊಳ್ಳುತ್ತೇನೆ.

2023ರಲ್ಲಿ ತೆಗೆಯೋ ಧೈರ್ಯ ಬರಲಿಲ್ಲ. 2024ಕ್ಕೆ ಬೆಳೆಗೆ ಹತ್ತು ವರ್ಷ ತುಂಬಿತು, ಹತ್ತನೆಯದನ್ನು ತೆಗೆದೆ. ಚೆನ್ನಾಗಿತ್ತು. ಎಂಟನೆಯದಕ್ಕಿಂತ ಮೆತ್ತಗೆ, ಅಣಬೆಯ ವಾಸನೆ ಹೊಸದಾಗಿ ಸೇರಿತ್ತು. ಆದರೆ ನಿಜ ಹೇಳಬೇಕು ಅಂದರೆ ನನಗೆ ಎಂಟನೆಯದೇ ಇಷ್ಟ. ಹೆಂಡತಿಗೆ ಇದು. ಫೋನಿನಲ್ಲಿ ಅಮ್ಮ, "ಗೋಣಿಚೀಲ ಬರಲಿಲ್ಲ ತಾನೇ?" ಅಂತ ಕೇಳಿದಳು.

ಇನ್ನೆರಡು ಉಳಿದಿವೆ. ಕಳೆದ ವಾರ ಕಾವ್‌ಗೆ ಇಳಿದಿದ್ದೆ. 13 ಡಿಗ್ರಿ. ಲೇಬಲ್ ಮೇಲೆ ಬೂಷ್ಟು ಬಂದು ವರ್ಷದ ಕೊನೆಯ ಅಂಕಿ ಮುಚ್ಚಿಹೋಗಿದೆ. ತೇವ ಸರಿಯಾಗಿದೆ ಅಂತ ಅರ್ಥ, ಒರೆಸಲಿಲ್ಲ.