ಬ್ಯಾಚಿಂಗ್ ಪ್ಲಾಂಟಿನಿಂದ ಸ್ಲ್ಯಾಬಿನವರೆಗೆ: ಕಾಂಕ್ರೀಟಿನ ನೀರಿನ ಲೆಕ್ಕ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯ ಸ್ಲ್ಯಾಬಿಗೆ ರೆಡಿಮಿಕ್ಸ್ (ಬೇರೆಡೆ ಕಲಸಿ ಲಾರಿಯಲ್ಲಿ ತರುವ ಕಾಂಕ್ರೀಟು) ತರಿಸುವವರು ದರ ವಿಚಾರಿಸುವಷ್ಟೇ ಕಾಳಜಿಯಿಂದ ನೀರಿನ ಲೆಕ್ಕವನ್ನೂ ವಿಚಾರಿಸಬೇಕು. ಬುಟ್ಟಿಯಲ್ಲಿ ಅಳೆದು ಕಲಸುವ ಮಾಲಿಗಿಂತ ಬ್ಯಾಚಿಂಗ್ ಪ್ಲಾಂಟಿನ, ಅಂದರೆ ಕಾಂಕ್ರೀಟು ತಯಾರಿಸುವ ಘಟಕದ, ಮಾಲು ಮೇಲೆನಿಸುವುದು ಅಲ್ಲಿ ಎಲ್ಲವನ್ನೂ ತೂಗಿ ಹಾಕುವುದರಿಂದ.

ಮೊದಲು 20 ಮತ್ತು 10 ಮಿ.ಮೀ. ಖಡಿಯನ್ನೂ ಉಸುಕು ಅಥವಾ ಎಂ-ಸ್ಯಾಂಡನ್ನೂ (ಕಲ್ಲು ಪುಡಿಮಾಡಿದ ಉಸುಕು) ಬೇರೆ ಬೇರೆ ಬಿನ್ನುಗಳಿಗೆ ತುಂಬುತ್ತಾರೆ. ಬಿನ್ನಿನ ಬಾಗಿಲು ತೆರೆದಾಗ ಸರಕು ತೂಕದ ತೊಟ್ಟಿಗೆ ಬೀಳುತ್ತದೆ. ತೂಕ ಅಳೆಯುವ ಸಾಧನವಾದ ಲೋಡ್ ಸೆಲ್ ನಿಗದಿತ ತೂಕ ತೋರಿಸಿದೊಡನೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಸೈಲೋ ಎಂಬ ಎತ್ತರದ ಸಂಗ್ರಹ ತೊಟ್ಟಿಯಲ್ಲಿರುವ ಸಿಮೆಂಟು ಮತ್ತು ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಸಿಗುವ ನುಣ್ಣನೆಯ ಬೂದಿ) ಸ್ಕ್ರೂ ಕನ್ವೇಯರಿನಿಂದ ಬಂದು ಪ್ರತ್ಯೇಕವಾಗಿ ತೂಗಲ್ಪಡುತ್ತವೆ. ರೆಡಿಮಿಕ್ಸ್ ಕುರಿತ ಭಾರತೀಯ ಮಾನಕ ಐಎಸ್ 4926ರಂತೆ ಸಿಮೆಂಟಿನ ತೂಕದಲ್ಲಿ ಶೇ 2, ಖಡಿ-ಉಸುಕಿನಲ್ಲಿ ಶೇ 3ಕ್ಕಿಂತ ಹೆಚ್ಚು ಏರುಪೇರು ಇರಕೂಡದು. ಬಳಿಕ ನೀರು, ಅಡ್‌ಮಿಕ್ಶ್ಚರ್ (ಮಾಲಿನ ಗುಣ ಬದಲಿಸಲು ಸ್ವಲ್ಪವೇ ಹಾಕುವ ರಾಸಾಯನಿಕ) ಸೇರಿ ಮಿಕ್ಸರಿನಲ್ಲಿ ಎಲ್ಲವೂ ಬೆರೆಯುತ್ತದೆ.

ಉಸುಕಿನ ಹಸಿಯನ್ನು ಇಲ್ಲಿ ಮರೆಯುವಂತಿಲ್ಲ. ಒಂದು ಘನ ಮೀಟರ್ ಕಾಂಕ್ರೀಟಿಗೆ 700 ಕೆ.ಜಿ. ಉಸುಕು ಬಳಸುವಾಗ ಅದರ ಮೇಲ್ಮೈಯಲ್ಲಿ ಶೇ 5ರಷ್ಟು ತೇವವಿದ್ದರೆ 35 ಲೀಟರ್ ನೀರು ತಾನಾಗಿಯೇ ಒಳಬರುತ್ತದೆ. ಮಳೆಗಾಲದಲ್ಲಿ ಧಾರವಾಡದ ಕಡೆ ಈ ತೇವವನ್ನು ದಿನವೂ ಪರೀಕ್ಷಿಸಿ ಸೇರಿಸುವ ನೀರಿನಲ್ಲಿ ಅಷ್ಟನ್ನು ಕಳೆಯದಿದ್ದರೆ ನೀರು ಹೆಚ್ಚಾಗಿ, ಎಷ್ಟೇ ಒಳ್ಳೆಯ ಸಿಮೆಂಟು ಹಾಕಿದರೂ ಬಲ ಕುಗ್ಗುತ್ತದೆ. ಪ್ಲಾಂಟಿನವರನ್ನು ನಾನು ಮೊದಲು ಕೇಳುವ ಪ್ರಶ್ನೆಯೂ ಇದೇ.

ಸಾವಿರ ಚದರ ಅಡಿಯ, ಐದು ಇಂಚು ದಪ್ಪದ ಸ್ಲ್ಯಾಬಿಗೆ ಬೀಮು ಬಿಟ್ಟು ಸುಮಾರು 12 ಘನ ಮೀಟರ್, ಅಂದರೆ 6 ಘನ ಮೀಟರಿನ ಎರಡು ಟ್ರಾನ್ಸಿಟ್ ಮಿಕ್ಸರ್ (ಮಾಲನ್ನು ತಿರುಗಿಸುತ್ತ ತರುವ ಲಾರಿ) ಬೇಕು. ಮಾಲು ತುಂಬಿದ ಎರಡು ಗಂಟೆಯೊಳಗೆ ಸುರಿಯಬೇಕೆಂಬುದು ಸಾಮಾನ್ಯ ನಿಯಮ. ಗಟ್ಟಿಯಾಗುವುದನ್ನು ತಡಮಾಡುವ ಅಡ್‌ಮಿಕ್ಶ್ಚರ್ ಇದ್ದರೆ ಮಾತ್ರ ಹೆಚ್ಚು ಸಮಯ ಸಿಗುತ್ತದೆ. ಗದಗಿನ ಬಿಸಿಲಿನಲ್ಲಿ ಮಾಲು ಬೇಗ ಬಿಗಿಯುವುದನ್ನು ಕಂಡು ಕೆಲಸಗಾರರು ಪೈಪು ಹಿಡಿದು ನೀರು ಬೆರೆಸಲು ಹೊರಟರೆ ದಯವಿಟ್ಟು ತಡೆಯಿರಿ. ಚಲನ್‌ನಲ್ಲಿ ಗ್ರೇಡ್ (ಬಲದ ದರ್ಜೆ), ತುಂಬಿದ ಹೊತ್ತು ನೋಡಿ, ಸ್ಲಂಪ್ (ಮಾಲು ಎಷ್ಟು ಸಡಿಲವಾಗಿದೆ ಎಂಬುದನ್ನು) ಪರೀಕ್ಷಿಸಿ, 150 ಮಿ.ಮೀ. ಘನಾಕೃತಿಯ ಮಾದರಿಗಳನ್ನು ತುಂಬಿಸಿಡಿ. ಗ್ರೇಡ್ ಎಂ20 ಎಂದರೆ ಅಂಥ ಮಾದರಿಯು 28 ದಿನಕ್ಕೆ ಪ್ರತಿ ಚದರ ಮಿ.ಮೀ.ಗೆ 20 ನ್ಯೂಟನ್ ಭಾರ ತಡೆಯಬೇಕು.

ಸಿಸಿ ರಸ್ತೆ, ಸೇತುವೆ, ದೊಡ್ಡ ಕಟ್ಟಡಗಳಿಗೆ ಪ್ಲಾಂಟು ಅನಿವಾರ್ಯ. ಹಳೇ ಹುಬ್ಬಳ್ಳಿಯ ಇಕ್ಕಟ್ಟಿನ ಓಣಿಗಳಿಗೆ ಲಾರಿ ಹೋಗದಿದ್ದರೆ ಪಂಪು ಬೇಕಾಗುತ್ತದೆ. ಬರೀ ಲಿಂಟಲ್‌ನಂಥ ಸಣ್ಣ ಕೆಲಸಕ್ಕೆ ಸ್ಥಳದಲ್ಲೇ ಮಿಕ್ಸರ್ ಇಟ್ಟು, ಬುಟ್ಟಿಯ ಬದಲು ಅಳತೆಯ ಪೆಟ್ಟಿಗೆ ಬಳಸಿ ಕಲಸುವುದೇ ಸರಿ.