ಓಟಕ್ಕೆ ಬೆರ್ರಿ ಕ್ಯಾಪ್ಸೂಲ್: ಯಾವಾಗ, ಎಷ್ಟು, ಹೇಗೆ?

ಮೊದಲು ಇದನ್ನು ತೀರ್ಮಾನಿಸಿ. ನಿಮಗೆ ಬೇಕಿರುವುದು ವೇಗವಾ, ಇಲ್ಲ ಓಡಿದ ಮೇಲೆ ಕಾಲುನೋವು ಬೇಗ ಇಳಿಯುವುದಾ? ಎರಡಕ್ಕೂ ಹಣ್ಣು ಬೇರೆ, ಲೆಕ್ಕವೂ ಬೇರೆ.

ವೇಗಕ್ಕಾದರೆ ನ್ಯೂಜಿಲೆಂಡಿನ ಬ್ಲ್ಯಾಕ್‌ಕರಂಟ್ ಎಂಬ ಪುಟ್ಟ ಕಪ್ಪು ಹಣ್ಣಿನ ಕ್ಯಾಪ್ಸೂಲ್ ನೋಡಿ. ನೇರಳೆ ತಿಂದಾಗ ನಾಲಿಗೆಗೆ ಹತ್ತುವ ಬಣ್ಣ ಇದೆಯಲ್ಲ, ಅದೇ ಆಂಥೊಸಯಾನಿನ್ ಇದರಲ್ಲಿ ದಂಡಿಯಾಗಿದೆ. ರಕ್ತನಾಳಗಳು ಸಡಿಲಗೊಂಡು ಸ್ನಾಯುಗಳಿಗೆ ರಕ್ತ ಚೆನ್ನಾಗಿ ಹರಿಯಲು ಅದು ನೆರವಾಗುತ್ತದೆ ಅನ್ನುತ್ತಾರೆ ಸಂಶೋಧಕರು. ಹಲವು ಪ್ರಯೋಗಗಳಲ್ಲಿ ಕೊಟ್ಟಿದ್ದು ದಿನಕ್ಕೆ 300 ಮಿಲಿಗ್ರಾಂ ಸಾರ, ಅದರೊಳಗೆ 105 ಮಿಲಿಗ್ರಾಂ ಆಂಥೊಸಯಾನಿನ್, ಒಟ್ಟು 7 ದಿನ. ಕೊನೆಯ ಕ್ಯಾಪ್ಸೂಲ್ ಓಟಕ್ಕೆ ಸುಮಾರು 2 ಗಂಟೆ ಮುಂಚೆ. ಹಾಗಾಗಿ ಡಬ್ಬಿಯ ಮುಂದಿನ ಹಣ್ಣಿನ ಚಿತ್ರ ಬಿಡಿ, ಹಿಂದೆ ತಿರುಗಿಸಿ ಆಂಥೊಸಯಾನಿನ್ ಎಷ್ಟು ಅಂತ ಓದಿ. ಬರೆದಿಲ್ಲವಾ? ಕೊಳ್ಳಬೇಡಿ. ಬೇಕರಿ ಕೇಕಿನ ಕರಂಟ್ ಅಂದರೆ ಒಣದ್ರಾಕ್ಷಿ, ಅದನ್ನು ತಿಂದರೆ ಈ ಲೆಕ್ಕ ಕೂಡುವುದಿಲ್ಲ.

ಲಾಭ ಎಷ್ಟು? 16.1 ಕಿ.ಮೀ. ಸೈಕಲ್ ಪ್ರಯೋಗವೊಂದರಲ್ಲಿ ಸುಮಾರು ಶೇ 2.4. ಕೆಲವು ಪ್ರಯೋಗಗಳಲ್ಲಿ ಏನೂ ಸಿಕ್ಕಿಲ್ಲ. ನಿದ್ದೆ, ಊಟ, ವಾರದ ಉದ್ದನೆಯ ಓಟ ಇವು ಸರಿಯಿಲ್ಲದಿದ್ದರೆ ಸುಮ್ನೆ ದುಡ್ಡು ದಂಡ.

ನೋವು ಇಳಿಯಲು ಹುಳಿ ಚೆರ್ರಿ ರಸ. ಲಂಡನ್ ಮ್ಯಾರಥಾನ್ ಓಡಿದ 20 ಮಂದಿಯ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅದರಲ್ಲಿ ಓಟಕ್ಕೆ 5 ದಿನ ಮುಂಚೆಯಿಂದ ಶುರು ಮಾಡಿ, ಓಟದ ದಿನವೂ ಕುಡಿದು, ಆಮೇಲೆ ಇನ್ನೂ 2 ದಿನ ಮುಂದುವರಿಸಿದವರ ಕಾಲಿನ ಶಕ್ತಿ ಬೇಗ ವಾಪಸ್ ಬಂತು. ಓಟ ಮುಗಿದ ಮೇಲೆ ನೆನಪಾಗಿ ಕುಡಿಯುವುದಲ್ಲ, ಮುಂಚೆಯೇ ಶುರುವಾಗಬೇಕು.

ವರ್ಷಪೂರ್ತಿ ಮಾತ್ರ ಬೇಡ. ಕಷ್ಟಪಟ್ಟು ಓಡಿದಾಗ ಸ್ನಾಯುಗಳಿಗೆ ಆಗುವ ಒತ್ತಡವೇ ಅವನ್ನು ಗಟ್ಟಿ ಮಾಡುವುದು, ಅಲ್ವಾ? ಈ ಹಣ್ಣುಗಳ ಹಾಗೆಯೇ ಆ ಒತ್ತಡವನ್ನು ತಗ್ಗಿಸುವ ವಿಟಮಿನ್ ಸಿ, ಇ ಮಾತ್ರೆಗಳನ್ನು ಜಾಸ್ತಿ ಪ್ರಮಾಣದಲ್ಲಿ ವಾರಗಟ್ಟಲೆ ನುಂಗಿದವರಲ್ಲಿ ತರಬೇತಿಯ ಕೆಲವು ಲಾಭಗಳು ಕುಗ್ಗಿದ್ದನ್ನು ಸಂಶೋಧಕರು ಕಂಡಿದ್ದಾರೆ. ದೊಡ್ಡ ಓಟದ ವಾರಕ್ಕೆ ಇಟ್ಟುಕೊಳ್ಳಿ, ಸಾಕು.

ಹಾಗಂತ ಓಟದ ದಿನವೇ ಮೊದಲ ಸಲ ಬಾಯಿಗೆ ಹಾಕಬೇಡಿ. ಚೆರ್ರಿ ರಸ ಕೆಲವರ ಹೊಟ್ಟೆ ಕೆಡಿಸುತ್ತದೆ. ತಿಂಗಳ ಮುಂಚೆ ಅಭ್ಯಾಸದ ಓಟದಲ್ಲೇ ಪರೀಕ್ಷಿಸಿ. ಸಕ್ಕರೆ ಕಾಯಿಲೆ ಇದ್ದರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಡೋಪಿಂಗ್ ಪರೀಕ್ಷೆ ಇರುವ ಮಟ್ಟದಲ್ಲಿ ಓಡುವವರು, ನಿಷೇಧಿತ ಪದಾರ್ಥ ಇಲ್ಲವೆಂದು ಬ್ಯಾಚ್‌ವಾರು ಪರೀಕ್ಷೆಯಾದ ಡಬ್ಬಿಯನ್ನೇ ಕೊಂಡು, ಬ್ಯಾಚ್ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಳ್ಳಿ.